ಬರುತ್ತೇನೆ ಎಂದ ಇನ್ನೂರು ಜನ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕರಪತ್ರ, ಬಿಲ್ ಬುಕ್ಕು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಕಾರ್ಡು ಮಾಡಿಸಲು ಬಂದವರ ಜೊತೆ ನಾನು ಜಗಳವಾಡದ ದಿನವಿಲ್ಲ. ಅವರಿಗೆ ಬಳಗದವರ ಹೆಸರೆಲ್ಲ ಬೀಳಬೇಕು, ನನಗೆ ದಿನಾಂಕ ಮತ್ತು ಸ್ಥಳ ಎದ್ದು ಕಾಣಬೇಕು. "ದೊಡ್ಡಪ್ಪನ ಹೆಸರು ಬಿಟ್ಟುಹೋದ್ರ ನಡೀತೈತೇನ್ರೀ ಅಕ್ಕಾರ?" ಎಂದು ಅವರು. "ದೊಡ್ಡಪ್ಪ ಬರಬೇಕಂದ್ರ ಮದುವಿ ಎಲ್ಲೈತಿ ಅಂತ ಗೊತ್ತಾಗಬೇಕಲ್ರೀ" ಎಂದು ನಾನು. ಜನರನ್ನು ಕರೆಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ಹೋದ ವರ್ಷದ ಬೇಸಿಗೆಯಲ್ಲಿ, ಅಕ್ಕನ ಭತ್ತದ ದೆಸೆಯಿಂದ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿ ಗುಡ್ಡದ ಕೆಳಗಿನ ಒಂದು ಊರಿಗೆ ಅವಳನ್ನು ಕೊಟ್ಟಿದ್ದು. ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಹಳೆಯ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಈಗ ಅವು ಇಪ್ಪತ್ತೇಳು. ಒಂದೊಂದನ್ನೂ ಒಂದೊಂದು ಪುಟ್ಟ ಮಡಿಯಲ್ಲಿ ಬಿತ್ತಿ, ಬೇರೆ ಬೇರೆಯಾಗಿ ಕೊಯ್ದು, ಬೇರೆ ಬೇರೆ ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಾಳೆ. ಇದರಿಂದ ಅವಳಿಗೆ ಬಂದ ಲಾಭವೆಂದರೆ ಸವೆದ ಮೊಣಕಾಲು. ಎರಡಕ್ಕೂ ಆಪರೇಷನ್ ಆಗಬೇಕು, ಈ ವರ್ಷ ಗದ್ದೆಗೆ ಇಳಿಯುವ ಹಾಗೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಭತ್ತದ ಬೀಜ ಯಾರ ಮೊಣಕಾಲಿಗೂ ಕಾಯುವುದಿಲ್ಲ. ಒಂದು ವರ್ಷ ಬಿತ್ತದಿದ್ದರೆ ಮೊಳಕೆ ಅರ್ಧವಾಗುತ್ತದೆ, ಎರಡನೆಯ ವರ್ಷ ಆಸೆಯನ್ನೇ ಬಿಡಬೇಕಾಗುತ್ತದೆ. ಅಕ್ಕನಿಗೆ ಅದರ ಹಿಂದಿನ ಮಳೆಗಾಲದಲ್ಲೇ ಕಾಲು ನೋವು ಹೆಚ್ಚಾಗಿ ಕೆಲವು ತಳಿಗಳನ್ನು ಬಿತ್ತಲು ಆಗಿರಲಿಲ್ಲ. ಅವುಗಳಿಗೆ ಇದೇ ಕೊನೆಯ ಅವಕಾಶ. ಹಾಗಾಗಿ ಅವಳೊಂದು ದಾರಿ ಹುಡುಕಿದಳು. ಮೇ ತಿಂಗಳ ಒಂದು ಭಾನುವಾರ ಸೊರಬದಲ್ಲಿ ಜನರನ್ನು ಸೇರಿಸುವುದು, ಒಬ್ಬೊಬ್ಬರಿಗೆ ಒಂದೊಂದು ತಳಿಯ ಒಂದು ಸೇರು ಬೀಜ ಕೊಡುವುದು, ಅವರು ಬೆಳೆದು ಮುಂದಿನ ವರ್ಷ ಎರಡು ಸೇರು ತಂದು ಒಪ್ಪಿಸುವುದು. ಬೀಜ ಕೊಟ್ಟು ತೆಗೆದುಕೊಳ್ಳುವ ನಮ್ಮ ಕಡೆಯ ಹಳೆಯ ಕ್ರಮವೇ ಅದು.

ಮೊದಲು ತನ್ನ ಊರಿನಲ್ಲೇ ಕೇಳಿದ್ದಳು. ಎಲ್ಲರೂ ಹೂಂ ಎಂದಿದ್ದರು, ಯಾರೂ ಗಂಟು ಒಯ್ಯಲು ಬಂದಿರಲಿಲ್ಲ. ನನಗೂ ಫೋನು ಮಾಡಿದ್ದಳು. "ಉಡುತಡಿ ಹತ್ರ ನಿಂದೂ ಒಂದು ಗದ್ದೆ ಐತಲ್ಲ, ನೀನೂ ಒಂದು ಒಯ್ತೀಯಾ?" ನನ್ನ ಕಣ್ಣು ಕಂಪ್ಯೂಟರಿನ ಮೇಲಿನ ಮದುವೆ ಕಾರ್ಡಿನ ಮೇಲಿತ್ತು. "ಒಯ್ತೀನಕ್ಕಾ, ಅದಕ್ಕೇನಂತೆ" ಎಂದೆ. ಆ ಗದ್ದೆ ಅಪ್ಪನಿಂದ ಬಂದ ಮೂವತ್ತು ಗುಂಟೆ ತಗ್ಗು. ಮಳೆಗಾಲದಲ್ಲಿ ಕೆರೆಯ ಹಿನ್ನೀರು ನುಗ್ಗಿ ನಿಲ್ಲುತ್ತದೆ, ಹಾಕಿದ್ದೆಲ್ಲ ಕೊಳೆಯುತ್ತದೆ. ಹನ್ನೊಂದು ವರ್ಷದಿಂದ ಬೀಳು ಬಿದ್ದಿದೆ, ಪಹಣಿಯಲ್ಲೂ ಹಾಗೆಯೇ ಬರೆದಿದೆ. ಫೋನು ಇಟ್ಟ ಮೇಲೆ ಆ ಮಾತು ನನಗೆ ನೆನಪೂ ಆಗಲಿಲ್ಲ.

"ಒಂದಿಷ್ಟು ಕರಪತ್ರ ಹೊಡ್ಕೊಡು" ಎಂದಳು ಅಕ್ಕ. ಪ್ರೆಸ್ಸಿನವಳಾದ ನಾನೇ ಬೇಡವೆಂದೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಕರಪತ್ರ ಬಸ್ಸು ಹೊರಡುವ ಮೊದಲೇ ಮಂಡಕ್ಕಿಯ ಪೊಟ್ಟಣವಾಗಿರುತ್ತದೆ. ಇಂಥ ಬೀಜ ಬೇಕೆನ್ನುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅವರು ಎಲ್ಲೆಲ್ಲಿದ್ದಾರೋ ಗೊತ್ತಿಲ್ಲ. ಫೋನಿನಿಂದ ಫೋನಿಗೆ ತಾನೇ ತಿರುಗುವ ಒಂದು ಪುಟ ಬೇಕು, ಒಂದು ವೆಬ್‌ಸೈಟು. ಕೋಡು ಗೀಡು ಬಾರದವರೂ ತಮ್ಮ ಪುಟ ತಾವೇ ಕಟ್ಟಿಕೊಳ್ಳುವ ಬಿಲ್ಡರುಗಳು ಬೇಕಾದಷ್ಟಿವೆ ಎಂದು ಕೇಳಿದ್ದೆ. ಕಾರ್ಡು ಕಟ್ಟುವವಳಿಗೆ ಪುಟ ಕಟ್ಟುವುದು ಯಾವ ಮಹಾ ವಿದ್ಯೆ ಎಂದುಕೊಂಡು ಕೂತೆ.

ಮೊದಲನೆಯ ಬಿಲ್ಡರು ನೋಡಲು ಬಲು ಚಂದ. ಹೂವಿನ ಅಂಚು, ಚಿನ್ನದ ಬಣ್ಣ, ಜಾರಿ ಬರುವ ಚಿತ್ರಗಳು. ಪ್ರೆಸ್ಸಿನ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದನ್ನು ತಂದು ಅದರೊಳಗೆ ಸುರಿದೆ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಕ್ಕೆಗಳ ಕಲಸುಮೇಲೋಗರ. ನಮ್ಮ ಫಾಂಟು ನಮ್ಮ ಮಷೀನಿನಾಚೆ ಯಾರಿಗೂ ಗೊತ್ತಿಲ್ಲ ಎಂಬುದು ಇಷ್ಟು ವರ್ಷಕ್ಕೆ ನನಗೆ ಗೊತ್ತಾಯಿತು. ಎರಡು ದಿನ ಕೂತು ಎಲ್ಲವನ್ನೂ ಹೊಸದಾಗಿ ಟೈಪು ಮಾಡಿದೆ. ಅಕ್ಷರ ಬಂದವು, ಆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಹತ್ತಿ ಕೂತವು. ಸಾಲುಗಳನ್ನು ದೂರ ಮಾಡುವ ಗುಂಡಿಯನ್ನು ಒಂದಿಡೀ ಮಧ್ಯಾಹ್ನ ಹುಡುಕಿದೆ. ಇರಲಿಲ್ಲ. ಕನ್ನಡಕ್ಕೆ ಒತ್ತು ಇದೆ ಎಂಬುದೇ ಗೊತ್ತಿಲ್ಲದವರ ಮನೆಯಲ್ಲಿ ನಮ್ಮ ಕೆಲಸವಾಗುವುದಿಲ್ಲ ಎಂದು ಬಿಟ್ಟೆ.

ಎರಡನೆಯದರಲ್ಲಿ ಕನ್ನಡ ಮುದ್ದಾಗಿ ಕೂತಿತು. ಕಾಸಿಲ್ಲದೆ ಸಿಗುವ ಬಿಲ್ಡರು, ಹಾಗಾಗಿ ಪುಟದ ಅಡಿಯಲ್ಲಿ ಜಾಹೀರಾತು ತನ್ನಷ್ಟಕ್ಕೆ ಬರುತ್ತಿತ್ತು. ಬರಲಿ ಬಿಡು ಎಂದುಕೊಂಡು ಅಕ್ಕನಿಗೆ ಕಳಿಸಿದೆ. ಅವಳ ಅಂಗೈಯ ಮೇಲಿನ ಏಡಿಕುಣಿ ಭತ್ತದ ಫೋಟೋದ ಕೆಳಗೆ ಕಳೆನಾಶಕದ ಜಾಹೀರಾತು ಕುಣಿಯುತ್ತಿತ್ತಂತೆ. "ಇದ್ಯಾರೇ ಮಾರಾಯ್ತಿ, ನಮ್ಮನೆ ಊಟಕ್ಕೆ ಬಂದು ತಮ್ಮ ಅಂಗಡಿ ಹಾಸಿದೋರು?" ಎಂದಳು. ಅದನ್ನೂ ಬಿಟ್ಟೆ.

ಮೂರನೆಯದಕ್ಕೆ ನಾನು ಮರುಳಾದೆ. ಅದು ಕಾರ್ಯಕ್ರಮಗಳಿಗೆಂದೇ ಮಾಡಿದ್ದು. ಮೇಲೆ ಕಾರ್ಯಕ್ರಮದ ಹೆಸರು, ಅದರ ಕೆಳಗೆ ನಾನು ಇಪ್ಪತ್ತೆಂಟು ವರ್ಷ ಜಗಳವಾಡಿ ಕೇಳಿದ ಹಾಗೆ ದಿನಾಂಕ ಮತ್ತು ಸ್ಥಳ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಎರಡು ಗುಂಡಿ. ಹಸಿರು ಗುಂಡಿ 'ಬರುತ್ತೇನೆ', ಬೂದು ಗುಂಡಿ 'ಬರುವುದಿಲ್ಲ'. ಯಾರಾದರೂ ಹೆಸರು, ಊರು, ಫೋನ್ ನಂಬರು ಕೊಟ್ಟು ಒತ್ತಿದರೆ ಮೂಲೆಯಲ್ಲಿ ಸಂಖ್ಯೆ ಏರುತ್ತಿತ್ತು. ಆ ಸಂಖ್ಯೆಯೇ ನನ್ನನ್ನು ಕೆಡಿಸಿದ್ದು. ಇಷ್ಟು ವರ್ಷ ಕಾರ್ಡು ಹಂಚಿಸಿದ್ದೇನೆ, ಎಷ್ಟು ಜನ ಬರುತ್ತಾರೆಂದು ಯಾವ ಕಾರ್ಡೂ ವಾಪಸು ಬಂದು ಹೇಳಿರಲಿಲ್ಲ.

ಪುಟವನ್ನು ಗೊತ್ತಿದ್ದವರಿಗೆಲ್ಲ ಕಳಿಸಿದೆ, ಅವರು ಅವರ ಗುಂಪುಗಳಿಗೆ ಕಳಿಸಿದರು. ಮೊದಲ ದಿನ ಹದಿನೇಳು, ವಾರಕ್ಕೆ ತೊಂಬತ್ತು, ಎರಡು ವಾರಕ್ಕೆ ಇನ್ನೂರ ಆರು. ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆದು ಊದುಬತ್ತಿ ಹಚ್ಚುವ ಮೊದಲೇ ಸಂಖ್ಯೆ ನೋಡುತ್ತಿದ್ದೆ. ಇಪ್ಪತ್ತೇಳು ತಳಿಗೆ ಇನ್ನೂರ ಆರು ಜನ. ಬೀಜ ಸಾಲದೆ ಜಗಳವಾದರೆ ಏನು ಮಾಡುವುದು ಎಂಬ ಚಿಂತೆ ಬೇರೆ. ಎಲ್ಲರ ಹೆಸರನ್ನೂ ನಂಬರನ್ನೂ ಪ್ರಿಂಟು ಹೊಡೆದು, ನೀಟಾಗಿ ಪಿನ್ನು ಹಾಕಿ, ಅಕ್ಕನಿಗೆ ತೋರಿಸಲೆಂದು ಸೊರಬದ ಬಸ್ಸು ಹತ್ತಿದೆ.

ಅಕ್ಕ ಮಂಚದ ಮೇಲೆ ಕಾಲು ಚಾಚಿ ಕೂತು ಮೊರದಲ್ಲಿ ಬೀಜ ಆರಿಸುತ್ತಿದ್ದಳು. ನಾನು ಒಂದೊಂದೇ ಹೆಸರು, ಊರು ಓದುತ್ತ ಹೋದೆ. ಕಣ್ಣೆತ್ತದೆ ಕೇಳಿಸಿಕೊಂಡಳು.

"ಅವನ ಗದ್ದೆ ತುಂಬ ಶುಂಠಿ ಐತೆ" ಎಂದಳು ಒಂದು ಹೆಸರಿಗೆ. ಇನ್ನೊಂದಕ್ಕೆ, "ಅವಳು ಗದ್ದೆ ಮಾರ್ಕೊಂಡು ಸೊರಬದಲ್ಲಿ ಮನೆ ಕಟ್ಟಿ ಆಯ್ತು." ಮತ್ತೊಂದಕ್ಕೆ, "ಅವನು ನಂಗೂ ಮೂರು ಸಲ ಹೂಂ ಅಂದಿದಾನೆ."

ಎರಡನೆಯ ಹಾಳೆಗೆ ಬರುವ ಹೊತ್ತಿಗೆ ನನಗೆ ಸಿಟ್ಟು ಬಂತು. "ಎಲ್ಲರೂ ಹಂಗೇ ಇರ್ತಾರೇನಕ್ಕಾ? ಇನ್ನೂರು ಮಂದಿ ಬರ್ತೀನಿ ಅಂತ ಒತ್ಯಾರ."

"ಬರಲ್ಲ ಅಂದೋರು ಎಷ್ಟು?"

"ಒಬ್ಬರೂ ಇಲ್ಲ."

ಅಕ್ಕ ಮೊರವನ್ನು ಪಕ್ಕಕ್ಕಿಟ್ಟಳು. "ಒಬ್ಬರೂ ಬರಲ್ಲ ಅನ್ನದಿದ್ರೆ ಬರ್ತೀನಿ ಅಂದದ್ದಕ್ಕೆ ಎಂತ ಬೆಲೆ ಐತೆ, ಹೇಳು."

ನಮ್ಮ ಕಡೆ ಕರೆಯಲು ಬಂದವರ ಮುಖಕ್ಕೆ ಬರುವುದಿಲ್ಲ ಎಂದು ಯಾರು ಹೇಳಿದ್ದಾರೆ? ಕುಂಕುಮ ಹಚ್ಚಿ ಕರೆದಾಗ, ಅದೇ ದಿನ ಇನ್ನೆರಡು ಮದುವೆ ಇದ್ದರೂ, ಕಾಲು ಮುರಿದು ಮಲಗಿದ್ದರೂ, ಬರುತ್ತೇವೆ ಎಂದೇ ಹೇಳುವುದು. ಇಲ್ಲ ಎಂದರೆ ಕರೆದವರಿಗೂ ನೋವು, ಶುಭಕಾರ್ಯಕ್ಕೂ ಅಪಶಕುನ. ನಾನೂ ಜೀವಮಾನದಲ್ಲಿ ಒಮ್ಮೆಯೂ ಅಂದವಳಲ್ಲ. ಅಂಥ ಜನರ ಮುಂದೆ ಒಂದು ಬೂದು ಗುಂಡಿ ಇಟ್ಟು, ಯಾರೂ ಅದನ್ನು ಒತ್ತಲಿಲ್ಲವೆಂದು ಹಿಗ್ಗಿದ್ದೆ. ಅದನ್ನು ಒತ್ತುವ ಬೆರಳು ನಮ್ಮ ಎರಡು ತಾಲ್ಲೂಕಿನಲ್ಲೂ ಇಲ್ಲ. ಕಾರ್ಡು ಮಾಡುವವಳಾಗಿ ಇದು ನನಗೇ ಮೊದಲು ಹೊಳೆಯಬೇಕಿತ್ತು.

"ಇದ್ರಲ್ಲಿ ಏನಾರ ಕೇಳಿದೋರು ಇದಾರಾ?" ಎಂದಳು ಅಕ್ಕ.

ಪುಟದ ಕೊನೆಯಲ್ಲಿ ಪ್ರಶ್ನೆ ಬರೆಯಲು ಒಂದು ಸಣ್ಣ ಜಾಗವಿತ್ತು. ನೋಡಿದೆ. ಇನ್ನೂರ ಆರರಲ್ಲಿ ಒಬ್ಬರು ಬರೆದಿದ್ದರು: ಮಧ್ಯಾಹ್ನ ಊಟ ಇದೆಯಾ?

"ಅವನು ಬರ್ತಾನೆ" ಎಂದಳು ಅಕ್ಕ. ನಗಲಿಲ್ಲ. "ಬರೋರು ಕೇಳ್ತಾರೆ. ಬಸ್ಸು ಎಷ್ಟೊತ್ತಿಗೆ, ಊಟ ಐತಾ, ಬೀಜ ಯಾವಾಗ ಹಾಕದು, ಎಷ್ಟು ದಿನದ ಬೆಳೆ ಅಂತ. ಸುಮ್ನೆ ಹೂಂ ಅನ್ನೋರಿಗೆ ಕೇಳೋದು ಏನೂ ಇರಲ್ಲ. ಆ ಭಾನುವಾರ ಯಾರೂ ಬರದಿದ್ರೆ ಈ ಗಂಟೆಲ್ಲ ಕೋಳಿಗೆ ಹಾಕ್ಬೇಕಾಗ್ತದೆ ಮಾರಾಯ್ತಿ. ನಂಗೆ ಎಣಿಸೋಕೆ ಜನ ಬ್ಯಾಡ. ಇಪ್ಪತ್ತೇಳು ಗದ್ದೆ ಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ನನ್ನ ಮೇಲೇ ಸಿಟ್ಟಿತ್ತು. ಆದರೆ ಶಿರಾಳಕೊಪ್ಪ ದಾಟುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ಈ ಪುಟ ಬೇಡ. ಮೂರು ವಾರ ಉಳಿದಿದೆ, ಮೂರು ವಾರದಲ್ಲಿ ಬೇರೆ ಕಟ್ಟುತ್ತೇನೆ. ಇಷ್ಟು ದಿನ ಬಿಲ್ಡರುಗಳನ್ನು ಗಂಡು ನೋಡುವ ಹಾಗೆ ರೂಪ ನೋಡಿ ಆರಿಸಿದ್ದೆ. ಈಗ ನೋಡಬೇಕಾದ್ದು ಒಂದೇ, ನಾನು ಕೇಳಬೇಕೆಂದಿರುವುದನ್ನು ಅದು ಕೇಳುತ್ತದೆಯೇ ಎಂಬುದು.

ಮೂರನೆಯದರಲ್ಲಿ ಎರಡು ಗುಂಡಿಯ ಹೊರತು ಬೇರೆ ಪ್ರಶ್ನೆ ಹಾಕುವಂತಿರಲಿಲ್ಲ. ನಾಲ್ಕು ದಿನ ತಡಕಾಡಿ ನಾಲ್ಕನೆಯದೊಂದನ್ನು ಹಿಡಿದೆ. ಚಂದವೆಂಬುದು ಅದರ ಬಳಿ ಸುಳಿದಿರಲಿಲ್ಲ. ಬಿಳಿಯ ಪುಟ, ಕಪ್ಪು ಅಕ್ಷರ, ರೇಷನ್ ಅಂಗಡಿಯ ಅರ್ಜಿಯ ಹಾಗೆ. ಆದರೆ ಒತ್ತಕ್ಷರ ತಮ್ಮ ಜಾಗದಲ್ಲಿದ್ದವು, ಜಾಹೀರಾತು ಇರಲಿಲ್ಲ, ಬೇಕಾದಷ್ಟು ಪ್ರಶ್ನೆ ಹಾಕಿಕೊಳ್ಳಬಹುದಿತ್ತು, ಉತ್ತರ ಎಷ್ಟುದ್ದವಾದರೂ ಬರೆಯಬಹುದಿತ್ತು. ಅಕ್ಕನ ಊರಿನಲ್ಲಿ ಹುಲ್ಲಿನ ಬಣವೆಯ ಪಕ್ಕ ನಿಂತರೆ ಮಾತ್ರ ಸಿಗ್ನಲ್ಲು. ಅಲ್ಲಿ ನಿಂತು ತೆರೆದು ನೋಡು ಎಂದೆ. ನಿಂತ ಕಾಲಲ್ಲೇ ತೆರೆಯಿತು ಎಂದಳು. ಸಾಕು ಎಂದೆ.

ಪ್ರಶ್ನೆಗಳನ್ನು ಅವಳೇ ಹೇಳಿದಳು, ನಾನು ಟೈಪು ಮಾಡಿದೆ. "ಹೆಸರು ಆಮೇಲೆ ಕೇಳು, ಮೊದ್ಲು ಗದ್ದೆ ಕೇಳು" ಎಂದು ಗದರಿದಳು. ನಿಮ್ಮ ಗದ್ದೆ ಎತ್ತರದ್ದೋ ತಗ್ಗೋ, ನೀರು ಎಷ್ಟು ದಿನ ನಿಲ್ಲುತ್ತದೆ? ಗದ್ದೆಗೆ ಇಳಿಯುವವರು ಯಾರು, ನೀವೋ ಬೇರೆಯವರೋ? ಒಯ್ದ ಬೀಜವನ್ನು ಬಿತ್ತುವ ತನಕ ಎಲ್ಲಿ ಇಡುತ್ತೀರಿ? ಇಷ್ಟೇ. ಬರುತ್ತೀರಾ ಎಂದು ಎಲ್ಲೂ ಕೇಳಲಿಲ್ಲ.

ಹಳೆಯ ಪುಟ ಅಳಿಸುವ ಮೊದಲು, ಇನ್ನೂರ ಆರು ಹೆಸರೂ ಹೋಗುತ್ತವೆ, ಖಚಿತವೇ ಎಂದು ಆ ಬಿಲ್ಡರು ಕೇಳಿತು. ಸುಳ್ಳೆಂದು ಗೊತ್ತಿದ್ದರೂ ಆ ಸಂಖ್ಯೆ ನೋಡಲು ಚೆನ್ನಾಗಿತ್ತು. ಒತ್ತಿದೆ.

ನನ್ನ ಕೈಯಲ್ಲಿದ್ದ ಪ್ರಿಂಟು ಹಿಡಿದು ಎಲ್ಲರಿಗೂ ಹೊಸ ಪುಟ ಕಳಿಸಿದೆ. ನಾಲ್ಕು ದಿನಕ್ಕೆ ಮೂವರು ತುಂಬಿದರು. ಶಿಕಾರಿಪುರದ ಕಡೆಯವರೊಬ್ಬರು ಫೋನು ಮಾಡಿ, "ಮೊದ್ಲಿಂದೇ ಚಲೋ ಇತ್ತಲ್ರೀ, ಒಂದು ಒತ್ತಿದ್ರ ಮುಗೀತಿತ್ತು. ಇದೇನ್ರೀ, ಪರೀಕ್ಷಾ ಪೇಪರ್ ಕೊಟ್ಟಂಗ ಕೊಟ್ಟೀರಿ" ಎಂದರು. "ಗದ್ದಿ ಇದ್ದೋರು ಪಾಸಾಗ್ತಾರ, ಬರೀರಿ" ಎಂದು ಇಟ್ಟೆ. ಅವರು ಬರೆಯಲಿಲ್ಲ. ಬೆಳಿಗ್ಗೆ ನೋಡಿದರೆ ಮೂರು, ಮರುದಿನ ನೋಡಿದರೂ ಮೂರು. ಆದರೂ ದಿನಕ್ಕೆ ಹತ್ತು ಜನಕ್ಕೆ ಫೋನು ಮಾಡದೆ ಶಟರು ಎಳೆಯುತ್ತಿರಲಿಲ್ಲ. ಕಾರ್ಡು ಮಾಡಿಸಲು ಬಂದವರನ್ನೂ ಬಿಡಲಿಲ್ಲ. ಪ್ರೂಫು ನೋಡಲು ಕೂತವರಿಗೆ ಮೊದಲು ಗದ್ದೆಯ ಪ್ರಶ್ನೆ, ಆಮೇಲೆ ಪ್ರೂಫು.

ನಂತರ ಉತ್ತರಗಳು ಬರತೊಡಗಿದವು. ಒಬ್ಬರು ತಮ್ಮ ಬದುವಿನಲ್ಲಿ ಏಡಿಗಳು ಎಲ್ಲೆಲ್ಲಿ ತೂತು ಮಾಡುತ್ತವೆಂದು ಒಂದು ಪುಟ ಬರೆದಿದ್ದರು. ಒಬ್ಬ ಹೆಣ್ಣುಮಗಳು, 'ಗದ್ದೆ ಗಂಡನ ಹೆಸರಿನಲ್ಲಿದೆ, ಗದ್ದೆಗೆ ಇಳಿಯುವುದು ನಾನು' ಎಂದು ಬರೆದಿದ್ದಳು. ಇನ್ನೊಬ್ಬರು ಬೀಜವನ್ನು ದೇವರ ಗೂಡಿನಲ್ಲಿ ಇಡುತ್ತೇನೆ, ಅಲ್ಲಿಗೆ ಇಲಿ ಬರುವುದಿಲ್ಲ ಎಂದಿದ್ದರು. ಒಂದೊಂದನ್ನೂ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ. "ಅವಳಿಗೆ ಜೇನುಗೂಡು ಭತ್ತ ಕೊಡದು" ಎನ್ನುತ್ತಿದ್ದಳು, "ಅವನಿಗೆ ಏಡಿಕುಣಿ." ಶನಿವಾರದ ಹೊತ್ತಿಗೆ ಇಪ್ಪತ್ತೊಂಬತ್ತು ಜನ ತುಂಬಿದ್ದರು. ಇಪ್ಪತ್ತೇಳು ತಳಿಗೂ ಅಕ್ಕ ಗದ್ದೆ ಗೊತ್ತು ಮಾಡಿದ್ದಳು. ಉಳಿದ ಇಬ್ಬರಿಗೆ, ಬೀಜ ಜಾಸ್ತಿ ಇರುವ ತಳಿಯಲ್ಲೇ ಪಾಲು ಮಾಡುವುದೆಂದಾಯಿತು.

ಭಾನುವಾರ ಬೆಳಿಗ್ಗೆ, ನಾನಿನ್ನೂ ಸೊರಬದ ಬಸ್ಸಿನಲ್ಲಿರುವಾಗಲೇ ಒಂದು ಫೋನು ಬಂತು. ನೆರೆಗುಳಿ ಎಂಬ ತಳಿಗೆ ಗೊತ್ತಾಗಿದ್ದವರು. ನೆರೆ ಬಂದು ಮುಳುಗಿದರೂ ತಾಳಿಕೊಳ್ಳುವ ಭತ್ತ ಅದು, ನೀರು ನಿಲ್ಲುವ ತಗ್ಗೇ ಬೇಕು. "ನಾ ಬರಾದಿಲ್ರೀ" ಎಂದರು. "ಆ ತಗ್ಗಿಗೆ ನಮ್ಮಣ್ಣ ನಿನ್ನೆ ಮಣ್ಣು ಹೊಡಿಸಿಬಿಟ್ಟ, ಸೈಟು ಮಾಡ್ತಾನಂತ. ಗದ್ದಿ ಬಗ್ಗೆ ಅಷ್ಟೆಲ್ಲ ಬರದ್ಮ್ಯಾಲ ಬರ್ತೀನಿ ಅಂತ ಸುಳ್ಳು ಹೇಳಾಕ ಮನಸಾಗ್ಲಿಲ್ಲ." ಅಷ್ಟು ದಿನದಲ್ಲಿ ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮೊದಲನೆಯವರು ಅವರೇ. ಸಂಕಟವಾಯಿತು, ಅವರ ಮೇಲೆ ಗೌರವವೂ ಬಂತು.

ಸೊರಬದ ಸಮುದಾಯ ಭವನದ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದವರು ಊಟ ಇದೆಯಾ ಎಂದು ಕೇಳಿದ್ದವರು. ಹೊಸ ಪುಟವನ್ನೂ ತುಂಬಿದ್ದರು. ಹತ್ತು ಗಂಟೆಯೊಳಗೆ ಉಳಿದವರೂ ಬಂದರು, ಕೆಲವರು ಮನೆಯವರನ್ನೂ ಕರೆತಂದಿದ್ದರು. ನಲವತ್ತು ಜನ ಆಗಿರಬಹುದು. ಅಕ್ಕ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನೇ ಗದ್ದೆಯಿಂದ ಗುರುತಿಸಿ ಕರೆದಳು. "ಏಡಿ ಬದುವಿನೋರು ಬನ್ನಿ." "ದೇವರ ಗೂಡಿನೋರು ಎಲ್ಲಿ?" ಪ್ರತಿಯೊಬ್ಬರೂ ಸೆರಗಿನಲ್ಲೋ ಟವೆಲ್ಲಿನಲ್ಲೋ ಗಂಟು ಇಸಕೊಂಡು, ಅಲ್ಲೇ ನಿಂತು ಕೇಳಿದ್ದೇ ಕೇಳಿದ್ದು. ಊಟ ತಡವಾಯಿತು, ಯಾರೂ ಗೊಣಗಲಿಲ್ಲ.

ಮೂರು ಗಂಟೆಗೆ ಭವನ ಖಾಲಿಯಾಯಿತು. ಇಪ್ಪತ್ತಾರು ಗಂಟು ಹೋಗಿದ್ದವು. ನೆರೆಗುಳಿಯ ಗಂಟು ಅಕ್ಕನ ತೊಡೆಯ ಮೇಲಿತ್ತು, ಬಂದವರಲ್ಲಿ ಅದಕ್ಕೆ ಬೇಕಾದಂಥ ತಗ್ಗು ಬೇರೆ ಯಾರಿಗೂ ಇರಲಿಲ್ಲ. ಹಿಂದಿನ ವರ್ಷ ಬಿತ್ತದೆ ಉಳಿದಿದ್ದ ತಳಿಗಳಲ್ಲಿ ಅದೂ ಒಂದು.

"ಇದೊಂದು ನಿಂತುಹೋಯ್ತು" ಎಂದಳು.

ಆಗ ನನಗೆ ನೆನಪಾಯಿತು. ಒಯ್ತೀನಕ್ಕಾ, ಅದಕ್ಕೇನಂತೆ. ಇನ್ನೂರ ಆರು ಜನಕ್ಕಿಂತ ಮೊದಲು, ಏನೊಂದೂ ಕೇಳದೆ ಹೂಂ ಎಂದವಳು ನಾನು. ಅಕ್ಕನಿಗೆ ಅದು ನೆನಪಿತ್ತು, ಅನುಮಾನವಿಲ್ಲ. ಅವಳು ಏನನ್ನೂ ಮರೆಯುವವಳಲ್ಲ. ಇಷ್ಟು ದಿನದಲ್ಲಿ ಒಮ್ಮೆಯೂ ಎತ್ತಿ ಆಡಿರಲಿಲ್ಲ, ಈಗಲೂ ಆಡಲಿಲ್ಲ. ನಾಚಿಕೆಯಾಯಿತು. ಕೊಡಕ್ಕಾ, ನಾನು ಒಯ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ.

"ಅಕ್ಕಾ, ಕೆರಿ ಹಿನ್ನೀರು ಹತ್ತು ದಿನ ಮ್ಯಾಲ ನಿಂತ್ರೂ ಇದು ಬದುಕ್ತೈತಾ?"

ಅಕ್ಕ ತಲೆ ಎತ್ತಿದಳು. "ಬದುಕ್ತದೆ. ನೀರು ಬರೋದ್ರೊಳಗೆ ಗಿಡ ಗಟ್ಟಿ ಆಗಿರ್ಬೇಕು."

"ಹಂಗಾದ್ರ ಒಣ ಮಣ್ಣಿಗೇ ಬಿತ್ತಬೇಕಾ?"

"ಒಣ ಮಣ್ಣಿಗೇ. ಮಳೆ ಹಿಡಿಯೋ ಮೊದ್ಲು."

"ಹನ್ನೊಂದು ವರ್ಷ ಬೀಳು ಬಿದ್ದ ನೆಲ. ಎಷ್ಟು ಸಲ ಉಳುಮಿ ಮಾಡಿಸಬೇಕು?"

"ಎರಡು ಸಲ. ಮೊದಲ್ನೇದು ಈ ವಾರವೇ ಆಗ್ಬೇಕು, ಬೇರು ಒಣಗೋಕೆ ಬಿಸಿಲು ಬೇಕು."

"ಒಂದು ಸೇರಿಗೆ ಎಷ್ಟು ಜಾಗ ಬೇಕು? ಮೊಳಕಿ ಅರ್ಧನೇ ಬಂದ್ರ?"

"ಅರ್ಧ ಬರ್ತದೆ ಅಂತ್ಲೇ ಹಾಕು, ಒತ್ತೊತ್ತಾಗಿ ಬಿತ್ತು. ಮೂವತ್ತು ಗುಂಟೆಗೆಲ್ಲ ಆಸೆ ಮಾಡ್ಬ್ಯಾಡ, ನೀರು ಮೊದ್ಲು ನಿಲ್ಲೋ ಮೂಲೆ ಐತಲ್ಲ, ಅಲ್ಲಿ ಒಂದೂವರೆ ಗುಂಟೆ ಹದ ಮಾಡ್ಕೋ, ಬದು ಎತ್ತರ ಮಾಡ್ಬ್ಯಾಡ, ನೀರು ಬಂದು ಹೋಗ್ಲಿ..." ಎನ್ನುತ್ತ, ಮಾತು ನಿಲ್ಲಿಸದೆಯೇ, ಗಂಟನ್ನು ಎತ್ತಿ ನನ್ನ ಮಡಿಲಿಗೆ ಇಟ್ಟಳು.